ತಕ್ಕಡಿ ಮೇಡಂ ಕೇಳಿಸದೆ ಬಿಟ್ಟ ಕರೆ

ಆ ವಿಮೆ ಕಂಪನಿಯಲ್ಲಿ ಆಕೆಗೆ ತಕ್ಕಡಿ ಮೇಡಂ ಎಂದು ಹೆಸರಿಟ್ಟ ಪುಣ್ಯಾತ್ಮರು ಯಾರೋ ಗೊತ್ತಿಲ್ಲ, ಆದರೆ ಇಟ್ಟ ಹೆಸರು ಮೈಗೇ ಅಂಟಿಕೊಂಡಿತು. ಕೆಲಸಕ್ಕೆ ಸೇರಿದ್ದು ಟೆಲಿಫೋನ್ ಬೋರ್ಡಿನ ಮುಂದೆ ಕೂರುವ ಹುಡುಗಿಯಾಗಿ. ಬೋರ್ಡು ಹೋಗಿ ಕಂಪ್ಯೂಟರ್ ಬಂತು. ಪಾಸ್‌ವರ್ಡ್ ಮರೆತ ಗಿರಾಕಿಗಳು, ಪರದೆ ಬೆಳ್ಳಗಾಗಿ ನಿಂತುಬಿಟ್ಟಿದೆ ಎಂದು ಗೋಳಾಡುವ ಏಜೆಂಟರು, ಎಲ್ಲರೂ ಫೋನ್ ಮಾಡುವ ಸಹಾಯವಾಣಿ ಎಂಬ ವಿಭಾಗ ಹುಟ್ಟಿತು. ವರ್ಷಗಳು ಉರುಳಿದಂತೆ ಆಕೆಯೇ ಅದರ ಮುಖ್ಯಸ್ಥೆಯಾದಳು.

ನ್ಯಾಯ ಎಂದರೆ ಆಕೆಗೆ ಹುಚ್ಚು. ಕಿಟಕಿ ಪಕ್ಕದ ಜಾಗಕ್ಕೆ ಇಬ್ಬರು ಕಿತ್ತಾಡಿದರೆ ಮೇಜನ್ನೇ ಅಡ್ಡ ತಿರುಗಿಸಿ ಇಬ್ಬರಿಗೂ ಅರ್ಧರ್ಧ ಆಕಾಶ ಹಂಚಿದವಳು. ಸ್ವಂತ ತಂಗಿಯ ಮಗಳು ಅದೇ ವಿಭಾಗಕ್ಕೆ ಅರ್ಜಿ ಹಾಕಿದಾಗ ಸಂದರ್ಶನದ ಕೋಣೆಯಿಂದ ಎದ್ದು ಹೊರಗೆ ಹೋಗಿ ಕೂತವಳು. ಹುಡುಗಿಗೆ ಕೆಲಸ ಸಿಗಲಿಲ್ಲ. ತಂಗಿ ಇವತ್ತಿಗೂ ಫೋನಿನಲ್ಲಿ ಎರಡು ಮಾತಿಗಿಂತ ಹೆಚ್ಚು ಆಡುವುದಿಲ್ಲ. ಯಾರಾದರೂ ಎದುರಿಗೇ "ತಕ್ಕಡಿ" ಎಂದರೆ ಹುಸಿಮುನಿಸು ತೋರಿಸುತ್ತಿದ್ದಳು, ಒಳಗೊಳಗೇ ಹಿಗ್ಗುತ್ತಿದ್ದಳು. ಸಾಲದ್ದಕ್ಕೆ ಎದೆಯ ಮೇಲೊಂದು ಹಸಿರು ಬಿಲ್ಲೆ. ಆಫೀಸಿನಲ್ಲಿ ಯಾರಾದರೂ ತಲೆ ತಿರುಗಿ ಬಿದ್ದರೆ ಮೊದಲು ಓಡಿಬರಬೇಕಾದ ಪ್ರಥಮ ಚಿಕಿತ್ಸೆಯವಳು ಈಕೆ ಎಂದು ಸಾರುವ ಬಿಲ್ಲೆ ಅದು. ವರ್ಷಕ್ಕೊಮ್ಮೆ ರಬ್ಬರ್ ಗೊಂಬೆಯ ಎದೆ ಒತ್ತಿ, ಬೆನ್ನು ಗುದ್ದಿ ಆ ಬಿಲ್ಲೆಯನ್ನು ಉಳಿಸಿಕೊಳ್ಳುತ್ತಿದ್ದಳು. ಅದುವರೆಗೆ ಯಾರೂ ಬಿದ್ದಿರಲಿಲ್ಲ ಅನ್ನಿ.

ಹೀಗಿರುವಾಗ ಕಂಪನಿ ಸಹಾಯವಾಣಿಯನ್ನು ಹೊರದೇಶಕ್ಕೆ ಕೊಟ್ಟುಬಿಡುವುದೆಂದು ತೀರ್ಮಾನಿಸಿತು. ಇದ್ದವರನ್ನು ಬೇರೆ ಬೇರೆ ವಿಭಾಗಗಳಿಗೆ ಹಂಚುವುದು, ಕೆಲಸವನ್ನು ಕಡಲಾಚೆ ಕಳಿಸುವುದು. ಎಲ್ಲಿಗೆ ಕಳಿಸಬೇಕೆಂದು ಆರಿಸಲು ಒಂದು ಸಮಿತಿ ಕೂತಿತು. ದೊಡ್ಡ ಸಾಹೇಬರು ಅದರ ಅಧ್ಯಕ್ಷರು, ಲೆಕ್ಕಪತ್ರ ವಿಭಾಗದ ಮುಖ್ಯಸ್ಥರು ಅವರ ಬಲಗೈ. ಇವರನ್ನು ಎಲ್ಲರೂ ಲೆಕ್ಕದವರು ಎಂದೇ ಕರೆಯುತ್ತಿದ್ದರು. ಇನ್ನು ಕೆಲವರು ತಲೆಯಾಡಿಸುವುದಕ್ಕೆ. ತೂಗುವ ಕೆಲಸ ಯಾರಿಗೆ ಬಂತು ಎಂದು ಬೇರೆ ಹೇಳಬೇಕೆ?

ಕೊನೆಯ ಸುತ್ತಿಗೆ ಉಳಿದದ್ದು ಮೂರು ದೇಶಗಳ ಮೂರು ಊರು. ಆ ದೇಶದವರು ಸೋಮಾರಿಗಳು, ಈ ದೇಶದವರು ಮೋಸಗಾರರು ಎಂಬ ಮಾತು ಸಭೆಯಲ್ಲಿ ಏಳಬಾರದೆಂದು ತಕ್ಕಡಿ ಮೇಡಂ ಅವುಗಳ ಹೆಸರನ್ನೇ ತೆಗೆಸಿ, ಬೆಟ್ಟ, ಬಯಲು, ಬಂದರು ಎಂದು ಕರೆಯಿಸಿದಳು. ಮೂರಕ್ಕೂ ಕೆಲವು ದಿನ ಪ್ರಯೋಗಕ್ಕೆಂದು ಕರೆಗಳನ್ನು ಬಿಡುವುದು, ಸಮಿತಿಯವರು ಸಾಮಾನ್ಯ ಗಿರಾಕಿಗಳ ಹಾಗೆ ಮನೆಯಿಂದ ಫೋನ್ ಮಾಡಿ ಪರೀಕ್ಷಿಸುವುದು. ಎಲ್ಲರಿಗೂ ಒಂದೇ ಸಮಸ್ಯೆ, ಒಂದೇ ಮಾತು: ಪಾಸ್‌ವರ್ಡ್ ಮರೆತಿದ್ದೇನೆ, ಖಾತೆ ತೆರೆಯುತ್ತಿಲ್ಲ. ಬೇಗ ಬಗೆಹರಿಸಿದರೆ ಹೆಚ್ಚು ಅಂಕ. ಕರೆ ಉದ್ದವಾದಷ್ಟೂ ಅಂಕ ಕಡಿತ. ವಿಷಯ ಬಿಟ್ಟು ಹರಟಿದರಂತೂ ಇನ್ನೂ ಕಡಿತ. "ಗಿರಾಕಿ ಫೋನ್ ಮಾಡೋದು ಕೆಲಸ ಆಗ್ಲಿ ಅಂತ, ನೆಂಟಸ್ತನ ಬೆಳೆಸೋಕಲ್ಲ" ಎಂಬುದು ಆಕೆಯ ವೇದವಾಕ್ಯ.

ಇನ್ನೊಂದು ನಿಯಮವನ್ನೂ ಆಕೆಯೇ ಸೇರಿಸಿದ್ದಳು. ಪರೀಕ್ಷೆ ಮಾಡುವವರ ಕಡೆಯಿಂದಲೇ ಕರೆ ಹಾದಿ ತಪ್ಪಿದರೆ ಅದನ್ನು ರದ್ದು ಮಾಡಬಹುದು. ಆದರೆ ತಮಗೆ ಬೇಕಾದ ಊರನ್ನು ಗೆಲ್ಲಿಸಲು ಯಾರೂ ಇದನ್ನು ನೆಪ ಮಾಡಿಕೊಳ್ಳಬಾರದಲ್ಲ? ಆದ್ದರಿಂದ ರದ್ದು ಮಾಡುವ ಮೊದಲು ಇಡೀ ಸಮಿತಿ ಕೂತು ಆ ಕರೆಯ ಧ್ವನಿಮುದ್ರಣವನ್ನು ಮೊದಲಿಂದ ಕೊನೆಯವರೆಗೆ ಕೇಳಬೇಕು. ನಿಯಮ ಓದಿ ದೊಡ್ಡ ಸಾಹೇಬರು, "ತಕ್ಕಡಿ ಅಂದ್ರೆ ಇದು" ಎಂದು ಮೇಜು ಕುಟ್ಟಿದ್ದರು.

ಬಂದರಿನ ಊರಿಗೆ ಫೋನ್ ಮಾಡುವ ಮಧ್ಯಾಹ್ನ ಬಂತು. ಮನೆಯಲ್ಲಿದ್ದದ್ದು ಆಕೆ ಮತ್ತು ಅತ್ತೆ. ಗಂಡ ರೈಲಿನಲ್ಲಿ ಟಿಕೆಟ್ ನೋಡುವವನು, ಮನೆಗಿಂತ ಹಳಿಯ ಮೇಲೇ ಹೆಚ್ಚು. ಅತ್ತೆ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಮಾಡಿ ಮಗನನ್ನು ಬೆಳೆಸಿದವಳು. ಆಕೆಯ ಮಾತೂ ಹೊಲಿಗೆಯ ಹಾಗೆ ಸಣ್ಣದು, ಬಿಗಿ. ಕಿವಿ ಚುರುಕು, ಆದರೂ ಟಿ.ವಿ. ಮಾತ್ರ ಬೀದಿಗೆಲ್ಲ ಕೇಳುವಷ್ಟು ಜೋರಾಗಿರಬೇಕು. ಅದನ್ನು ಆರಿಸುವ ವಿಷಯಕ್ಕೆ ಆಗಲೇ ಒಂದು ಸಣ್ಣ ಜಟಾಪಟಿ ನಡೆದಿತ್ತು.

"ಸ್ವಲ್ಪ ಹೊತ್ತು ಉಸಿರೆತ್ತಬೇಡಿ ಅತ್ತೆ. ಕೆಮ್ಮೋದು ಕೂಡ ಬೇಡ. ಎಲ್ಲಾ ರೆಕಾರ್ಡ್ ಆಗತ್ತೆ."

"ಸತ್ತೋಗ್ತೀನಿ ಬಿಡು, ಇನ್ನೂ ನಿಶ್ಶಬ್ದವಾಗಿರತ್ತೆ" ಎಂದು ಅತ್ತೆ ಸೇಬೊಂದನ್ನೂ ಚಾಕುವನ್ನೂ ಎತ್ತಿಕೊಂಡು ಕಿಟಕಿಯ ಬಳಿಯ ಕುರ್ಚಿಗೆ ಹೋಗಿ ಕೂತಳು.

ಸೊಸೆ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು. ಆ ಕಡೆಯಿಂದ ಒಬ್ಬ ಹೆಂಗಸಿನ ಧ್ವನಿ, ಚಿಕ್ಕ ವಯಸ್ಸಿನದು. ಕಲಿತ ಭಾಷೆಯನ್ನು ಗಾಜಿನ ಪಾತ್ರೆಯ ಹಾಗೆ ಜೋಪಾನವಾಗಿ ಹಿಡಿದು ಮಾತಾಡುತ್ತಿತ್ತು. "ನಮಸ್ಕಾರ. ನಾನು ನಿಮಗೆ ಹೇಗೆ ಸಹಾಯ ಮಾಡಲಿ?" ಸೊಸೆ ಬಾಯಿಪಾಠದ ಮಾತು ಶುರು ಮಾಡಿದಳು. ಅರ್ಧಕ್ಕೆ ಬಂದಿರಬೇಕು, ಕಿಟಕಿಯ ಕಡೆ ಚಾಕು ಕೆಳಗೆ ಬಿದ್ದ ಸದ್ದಾಯಿತು. ತಿರುಗಿ ನೋಡಿದರೆ ಅತ್ತೆ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಾಳೆ. ಸೇಬಿನ ಚೂರು ಗಂಟಲಿಗೆ ಸಿಕ್ಕಿದೆ. ಕೆಮ್ಮಬೇಡ ಎಂದಿದ್ದಳಲ್ಲ ಸೊಸೆ, ಆ ಮುದಿಜೀವ ಕೆಮ್ಮನ್ನು ತಡೆದುಕೊಂಡು ತಡೆದುಕೊಂಡು, ಈಗ ಕೆಮ್ಮಲು ಹೋದರೂ ಬರುತ್ತಿಲ್ಲ. ಮುಖ ಕಪ್ಪಿಡುತ್ತಿದೆ.

ಹಸಿರು ಬಿಲ್ಲೆಯ ತಕ್ಕಡಿ ಮೇಡಂ ಏನು ಮಾಡಿದಳು? ನಿಂತಲ್ಲೇ ಕಲ್ಲಾದಳು. ಗೊಂಬೆಯ ಬೆನ್ನು ಗುದ್ದಿದ್ದು, ಅಂಗೈಯ ಬುಡವನ್ನು ಎಲ್ಲಿಡಬೇಕೆಂದು ಇತರರಿಗೆ ಪಾಠ ಹೇಳಿದ್ದು, ಒಂದೂ ನೆನಪಿಗೆ ಬರಲಿಲ್ಲ. ಬಾಯಿ ಮಾತ್ರ ತಾನಾಗಿ ತೆರೆಯಿತು. ಬಂದ ಮಾತು ಇದು:

"ಅಯ್ಯೋ, ಈ ಮುದುಕಿಗೆ ಇವತ್ತೇ ಆಗ್ಬೇಕಿತ್ತಾ! ಸಾಯೋಕೆ ಇದೇ ಹೊತ್ತು ಸಿಕ್ತಾ ಇವಳಿಗೆ!"

ಹೇಳಿದ್ದು ಯಾರಿಗೆ? ಯಾರಿಗೂ ಅಲ್ಲ, ಗೋಡೆಗೆ. ಭಯಕ್ಕೆ ಬಾಯಿ ಬಂದರೆ ಏನೇನೋ ಆಡುತ್ತದೆ. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೇಜಿನ ಮೇಲಿದ್ದ ಫೋನು ಎಲ್ಲವನ್ನೂ ನುಂಗಿಕೊಂಡಿತು.

"ಮೇಡಂ, ಏನಾಯಿತು? ಅವರಿಗೆ ಕೆಮ್ಮಲು ಆಗುತ್ತಿದೆಯೇ?" ಫೋನಿನ ಧ್ವನಿ ಬದಲಾಗಿತ್ತು. ಜೋಪಾನವೆಲ್ಲ ಹೋಗಿ ಬರಿಯ ಅವಸರ ಉಳಿದಿತ್ತು.

"ಇಲ್ಲ... ಇಲ್ಲ..."

"ಹಾಗಾದರೆ ಅವರನ್ನು ಮುಂದಕ್ಕೆ ಬಗ್ಗಿಸಿ. ಒಂದು ಕೈ ಎದೆಗೆ ಕೊಡಿ. ಇನ್ನೊಂದು ಕೈಯಿಂದ ಬೆನ್ನಿಗೆ, ಎರಡು ಹೆಗಲಿನ ನಡುವೆ, ಬಲವಾಗಿ ಹೊಡೆಯಿರಿ. ಈಗಲೇ. ಹೊಡೆದಿರಾ? ಇನ್ನೂ ಜೋರಾಗಿ. ಹೆದರಬೇಡಿ, ನಾನು ಇಲ್ಲೇ ಇದ್ದೇನೆ."

ಇಲ್ಲೇ ಎಂದರೆ ಎಲ್ಲಿ? ಕಡಲಾಚೆ. ಆದರೂ ಆ ಧ್ವನಿ ಹೊಡೆ ಎಂದಾಗ ಹೊಡೆದಳು, ಮತ್ತೆ ಎಂದಾಗ ಮತ್ತೆ ಹೊಡೆದಳು. ಸೇಬಿನ ಚೂರು ಹಾರಿ ನೆಲಕ್ಕೆ ಬಿತ್ತು. ಅತ್ತೆ ಉದ್ದಕ್ಕೆ ಉಸಿರೆಳೆದುಕೊಂಡಳು, ಸೊಸೆ ನೆಲದ ಮೇಲೇ ಕುಸಿದು ಕೂತಳು.

ಆ ಹುಡುಗಿ ಫೋನ್ ಇಡಲಿಲ್ಲ. ಅಜ್ಜಿಯ ಹತ್ತಿರ ಫೋನ್ ಕೊಡಿ, ಉಸಿರು ಸರಿಯಾಗಿದೆಯೋ ಕೇಳಬೇಕು ಎಂದಳು. ನಿಮ್ಮ ಕಿಟಕಿಯಿಂದ ಏನು ಕಾಣುತ್ತದೆ ಎಂದು ಅತ್ತೆಯನ್ನು ಮಾತಿಗೆಳೆದಳು. ಎದುರು ಮನೆಯ ಒಗೆದ ಬಟ್ಟೆ, ಪೈಪಿನ ಮೇಲೆ ಕೂತ ಬೆಕ್ಕು ಎಂದು ಅತ್ತೆ ಒಡೆದ ಗಂಟಲಿನಲ್ಲಿ ವರ್ಣಿಸಿದಳು. ನನ್ನ ಕಿಟಕಿಯಿಂದ ಹಡಗಿಗೆ ಸಾಮಾನು ಏರಿಸುವ ದೊಡ್ಡ ದೊಡ್ಡ ಕ್ರೇನುಗಳು ಕಾಣುತ್ತವೆ ಎಂದಳು ಅವಳು. ಬೆಕ್ಕು ಜಿಗಿದು ಹೋಗುವವರೆಗೂ ಇಬ್ಬರ ಹರಟೆ ನಡೆಯಿತು. ಇವತ್ತೇ ವೈದ್ಯರಿಗೆ ತೋರಿಸಿ ಎಂದು ಎರಡೆರಡು ಸಲ ಹೇಳಿ, ಕೊನೆಗೆ ನಗುತ್ತಾ ಕೇಳಿದಳು: "ಮೇಡಂ, ನೀವು ಫೋನ್ ಮಾಡಿದ್ದು ಯಾತಕ್ಕೆ?" ಪಾಸ್‌ವರ್ಡು ಎನ್ನುತ್ತಿದ್ದಂತೆ ಚಿಟಿಕೆ ಹೊಡೆಯುವಷ್ಟರಲ್ಲಿ ಸರಿಮಾಡಿ ಕೊಟ್ಟಳು.

ವೈದ್ಯರು ನೋಡಿ, ಏನೂ ಆಗಿಲ್ಲ ಎಂದರು. ಮನೆಗೆ ಬರುವ ದಾರಿಯಲ್ಲಿ ಅತ್ತೆ ಸೊಸೆಯ ಕೈ ಹಿಡಿದುಕೊಂಡು, "ಆ ಮಗೂಗೆ ಒಳ್ಳೆ ಅಂಕ ಹಾಕ್ಬೇಕು ನೋಡು" ಎಂದಳು. "ಹಾಕ್ದೆ ಇರ್ತೀನಾ ಅತ್ತೆ?" ಎಂದಳು ಸೊಸೆ. ಹಾಗೆ ಹೇಳಿದಾಗ ಅದು ಸುಳ್ಳಾಗಿರಲಿಲ್ಲ.

ಸುಳ್ಳಾದದ್ದು ಸಮಿತಿಯ ಕೋಣೆಯಲ್ಲಿ. ಲೆಕ್ಕದವರು ಅಂಕಗಳನ್ನು ಪರದೆಯ ಮೇಲೆ ಹಾಕಿದರು. ಬೆಟ್ಟ ಯಾವಾಗಲೋ ಹಿಂದೆ ಬಿದ್ದಿತ್ತು. ಬಯಲು ಮುಂದೆ, ಬಂದರು ಕೂದಲೆಳೆಯಷ್ಟು ಹಿಂದೆ.

"ಬಂದರಿನವರದ್ದು ಎಲ್ಲಾ ಕರೆಗಳೂ ಚೆನ್ನಾಗಿವೆ" ಎಂದರು ಲೆಕ್ಕದವರು. "ಒಂದೇ ಒಂದು ಕರೆ ಕೆಡಿಸಿದೆ. ಮೇಡಂ, ನಿಮ್ಮದೇ ಅದು. ಒಂದು ಪಾಸ್‌ವರ್ಡಿಗೆ ಇಷ್ಟುದ್ದ ಮಾತಾ? ರೆಕಾರ್ಡಿಂಗ್ ಇದೆಯಲ್ಲ, ಕೇಳ್ಬಿಡೋಣ್ವಾ?"

ಕೇಳಿದ್ದರೆ ಕರೆ ರದ್ದಾಗುತ್ತಿತ್ತು. ರದ್ದಾಗಿದ್ದರೆ ಬಂದರು ಗೆಲ್ಲುತ್ತಿತ್ತು. ಅಷ್ಟು ಆಕೆಗೆ ಚೆನ್ನಾಗಿ ಗೊತ್ತಿತ್ತು. ಅದರ ಜೊತೆಗೇ, ಈ ಹೊಳೆಯುವ ಮೇಜಿನ ಸುತ್ತ ಕೂತವರೆಲ್ಲರ ಕಿವಿಗೆ, "ಸಾಯೋಕೆ ಇದೇ ಹೊತ್ತು ಸಿಕ್ತಾ" ಎಂಬ ತನ್ನದೇ ಧ್ವನಿ ಬೀಳುತ್ತದೆಂಬುದೂ ಗೊತ್ತಿತ್ತು. ಹಸಿರು ಬಿಲ್ಲೆಯವಳು ಕಲ್ಲಾಗಿ ನಿಂತದ್ದು ಎಲ್ಲರಿಗೂ ತಿಳಿಯುತ್ತದೆ. ತಕ್ಕಡಿ ಎಂಬ ಹೆಸರು ಕ್ಯಾಂಟೀನಿನಲ್ಲಿ ನಗೆಪಾಟಲಾಗುತ್ತದೆ. ಕೈ ತಾನಾಗಿ ಎದೆಯ ಬಿಲ್ಲೆಯನ್ನು ಮುಟ್ಟಿ ನೋಡಿಕೊಂಡಿತು.

"ಬೇಡ ಸರ್" ಎಂದಳು. "ವಿಷಯ ಬಿಟ್ಟು ಮಾತಾಡಿದ್ರು, ಅಷ್ಟೇ."

"ತಕ್ಕಡಿ ಹೇಳಿದ ಮೇಲೆ ಮುಗೀತು" ಎಂದು ದೊಡ್ಡ ಸಾಹೇಬರು ಬಯಲಿನ ಮುಂದೆ ಗುರುತು ಹಾಕಿದರು. ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ ಎಂದು ಆಕೆ ಆಮೇಲೆ ಕೈತೊಳೆಯುವ ಜಾಗದಲ್ಲಿ ನಿಂತು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಕನ್ನಡಿ ನೋಡಲು ಮಾತ್ರ ಮನಸ್ಸಾಗಲಿಲ್ಲ.

ಕಥೆ ಅಲ್ಲಿಗೇ ಮುಗಿದಿದ್ದರೆ ಆಕೆ ಹೇಗೋ ನುಂಗಿಕೊಂಡು ಬದುಕುತ್ತಿದ್ದಳೇನೋ. ಆದರೆ ಸೋತ ಊರುಗಳಿಗೆ ಸೋಲಿನ ಕಾರಣ ತಿಳಿಸುವುದು ಕಂಪನಿಯ ಮರ್ಯಾದೆ. ಬಂದರಿನವರಿಗೆ ಕಾರಣ ಬರೆದುಕೊಟ್ಟವಳೂ ಆಕೆಯೇ: ಸಿಬ್ಬಂದಿ ವಿಷಯ ಬಿಟ್ಟು ದೀರ್ಘವಾಗಿ ಹರಟುತ್ತಾರೆ. ಧ್ವನಿಮುದ್ರಣಗಳು ಈ ಕಂಪನಿಯ ಬಳಿ ಮಾತ್ರ ಇದ್ದವು. ಅವರ ಬಳಿ ಇದ್ದದ್ದು ಯಾರು ಎತ್ತಿದ ಕರೆ ಎಷ್ಟುದ್ದ ನಡೆಯಿತು ಎಂಬ ಲೆಕ್ಕವೊಂದೇ. ಕೆಲವು ದಿನಗಳಲ್ಲಿ ಉತ್ತರ ಬಂತು. ದೊಡ್ಡ ಸಾಹೇಬರು ಸಭೆಯಲ್ಲಿ ಅದನ್ನು ಮೆಚ್ಚುಗೆಯಿಂದಲೇ ಓದಿದರು: "ತಪ್ಪನ್ನು ತಿಳಿಸಿದ್ದಕ್ಕೆ ಧನ್ಯವಾದ. ಆ ಉದ್ಯೋಗಿ ಏನೋ ಸಬೂಬು ಹೇಳಿದರು, ನಾವು ಒಪ್ಪಿಲ್ಲ. ಅವರನ್ನು ಕೆಲಸದಿಂದ ತೆಗೆದಿದ್ದೇವೆ."

"ನೋಡಿ, ಎಷ್ಟು ಶಿಸ್ತು" ಎಂದರು ಲೆಕ್ಕದವರು. ಆಕೆಗೆ ನೆಲ ಬಾಯಿ ಬಿಟ್ಟರೆ ಒಳಗೆ ಇಳಿದುಬಿಡಬೇಕೆನ್ನಿಸಿತು. ಸಬೂಬು! ಅಜ್ಜಿಯ ಜೀವ ಉಳಿಸುತ್ತಿದ್ದೆ ಎಂದು ಆ ಹುಡುಗಿ ಹೇಳಿರಬೇಕು. ಕೆಲಸ ಕೊಡಬೇಕಾದ ಕಂಪನಿಯೇ ಹರಟೆ ಎಂದು ಬರೆದುಕೊಟ್ಟ ಮೇಲೆ ಅವಳ ಮಾತನ್ನು ಯಾರು ನಂಬುತ್ತಾರೆ?

ಮನೆಯಲ್ಲಿ ಅತ್ತೆಯದು ಬೇರೆಯೇ ಸಂಭ್ರಮ. ವೈದ್ಯರ ಕ್ಲಿನಿಕ್ಕಿನ ಬೆಂಚಿನ ಮೇಲೆ, ಮೆಟ್ಟಿಲ ಮೇಲೆ, ಸಿಕ್ಕ ಸಿಕ್ಕವರಿಗೆಲ್ಲ ಆ ಮಧ್ಯಾಹ್ನದ ಕಥೆ ಹೇಳುತ್ತಿದ್ದಳು. ಮುಗಿಸುವುದು ಯಾವಾಗಲೂ ಒಂದೇ ರೀತಿ: "ನಮ್ಮ ಸೊಸೆ ಆ ಹುಡುಗಿಯ ಊರಿಗೇ ಕೆಲಸ ಕೊಡ್ಸಿದ್ಲು. ಋಣ ಅಂದ್ರೆ ಹೀಗೆ ತೀರಿಸ್ಬೇಕು." ಏಕೆಂದರೆ ಅತ್ತೆ ಕೇಳಿದಾಗ ಸೊಸೆ "ಹೂಂ, ಕೊಡಿಸ್ದೆ" ಎಂದುಬಿಟ್ಟಿದ್ದಳು. ಜೊತೆಯಲ್ಲಿದ್ದಾಗ ಆ ಹೊಗಳಿಕೆ ಕೇಳಿ ಸೊಸೆ ಚಪ್ಪಲಿಯ ಬಾರನ್ನು ಸರಿಮಾಡಿಕೊಳ್ಳುವವಳ ಹಾಗೆ ತಲೆ ತಗ್ಗಿಸುತ್ತಿದ್ದಳು. ಜನ ಅದನ್ನು ವಿನಯ ಎಂದುಕೊಂಡರು.

ಸಹಾಯವಾಣಿ ಬಯಲಿನ ಊರಿನಿಂದ ನಡೆಯತೊಡಗಿದ ಮೇಲೆ ಒಂದು ಸಂಜೆ ಆಫೀಸಿನಿಂದ ಬಂದಾಗ ಟಿ.ವಿ. ಆರಿತ್ತು. ಅತ್ತೆ ಒಣಗಿದ ಬಟ್ಟೆ ಮಡಿಸುತ್ತಾ ಕೂತಿದ್ದಳು, ತಲೆ ಎತ್ತಲಿಲ್ಲ.

"ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದ್ದೆ. ಆ ಮಗು ಹತ್ರ ಮಾತಾಡೋಣ ಅಂತ."

ಸೊಸೆ ಬಾಗಿಲಲ್ಲೇ ನಿಂತಳು.

"ಒಬ್ಬ ಎತ್ತಿದ. ನಿಮ್ಮ ಊರಲ್ಲಿ ಕ್ರೇನ್ ಕಾಣ್ಸತ್ತಲ್ಲಪ್ಪಾ, ಆ ಕಿಟಕಿ ಹತ್ರ ಕೂರೋ ಹುಡುಗಿ ಬೇಕು ಅಂದೆ. ಇಲ್ಲಿ ಸಮುದ್ರಾನೇ ಇಲ್ಲ ಅಂದ. ನಿಮ್ಮ ಸಮಸ್ಯೆ ಏನು ಅಂತ ಕೇಳ್ದ. ಸಮಸ್ಯೆ ಏನಿಲ್ಲ ಅಂದೆ. ಧನ್ಯವಾದ ಅಂತ ಇಟ್ಟೇಬಿಟ್ಟ." ಅತ್ತೆ ಮಡಿಸಿದ ಟವೆಲನ್ನು ಬಿಚ್ಚಿ ಮತ್ತೆ ಮಡಿಸಿದಳು. "ಯಾಕೆ ಸುಳ್ಳು ಹೇಳ್ದೆ?"

ಬ್ಯಾಗನ್ನು ಹೆಗಲಿನಿಂದ ಇಳಿಸದೆಯೇ ಆಕೆ ಎಲ್ಲವನ್ನೂ ಹೇಳಿದಳು. ಅಂಕ, ರದ್ದತಿಯ ನಿಯಮ, ಹುಡುಗಿಯ ಕೆಲಸ ಹೋದದ್ದು. ಎಲ್ಲ ಹೇಳಿ ಒಂದು ಕಡೆ ಬಂದು ನಿಂತಳು. "ಅದನ್ನ ಎಲ್ಲರ ಮುಂದೆ ಕೇಳಿಸೋಕೆ ಆಗ್ಲಿಲ್ಲ ಅತ್ತೆ. ಅದರಲ್ಲಿ ನಾನು... ಗಾಬರೀಲಿ ನಿಮಗೆ ಏನೋ ಒಂದು ಮಾತು..."

"ಸಾಯೋಕೆ ಇದೇ ಹೊತ್ತು ಸಿಕ್ತಾ ಅಂದೆ."

ಸೊಸೆ ಗಕ್ಕನೆ ತಲೆ ಎತ್ತಿದಳು.

"ಗಂಟಲು ಕಟ್ಟಿತ್ತು ಕಣೇ, ಕಿವಿ ಅಲ್ಲ" ಎಂದಳು ಅತ್ತೆ. "ನೋವಾಗ್ಲಿಲ್ಲ ಅಂತ ಹೇಳಲ್ಲ. ಆದ್ರೆ ನಾನು ಆ ಮಾತನ್ನ ಸೇಬಿನ ಚೂರಿನ ಜೊತೇಲೇ ಉಗುಳಿಬಿಟ್ಟೆ. ನೀನು ಅದನ್ನ ಎತ್ತಿಟ್ಕೊಂಡು, ತಗೊಂಡು ಹೋಗಿ ಆ ಹುಡುಗಿ ತಲೆ ಮೇಲೆ ಹಾಕಿದ್ಯಲ್ಲ. ಯಾರಿಗೆ ಹೆದರ್ಕೊಂಡೆ? ಕೇಳ್ಬಾರದವಳು ನಾನೊಬ್ಬಳೇ, ನಾನು ಅವತ್ತೇ ಕೇಳಿದ್ದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಅತ್ತೆ ಬೈಯಲಿಲ್ಲ, ಬಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ತಕ್ಕಡಿ ಮೇಡಂ ತಾನಾಗಿಯೇ ಸಮಿತಿಯನ್ನು ಸೇರಿಸಿ ಧ್ವನಿಮುದ್ರಣ ಹಾಕಿದಳು. ತನ್ನ ಮಾತು ಬಂದಾಗ ಮೇಜಿನ ಅಂಚನ್ನು ಹಿಡಿದುಕೊಂಡು ನಿಂತಿದ್ದಳು. ಬೆಕ್ಕು ಬಂತು, ಕ್ರೇನು ಬಂತು, ಮುಗಿಯಿತು. ಯಾರೋ ಗಂಟಲು ಸರಿಮಾಡಿಕೊಂಡರು. ಲೆಕ್ಕದವರು ಕನ್ನಡಕ ತೆಗೆದು ಒರೆಸುತ್ತಾ, "ಇಷ್ಟಕ್ಕಾ ಮೇಡಂ ನೀವು ಮುಚ್ಚಿಟ್ಟಿದ್ದು?" ಎಂದರು. "ನಮ್ಮನೇಲಿ ದಿನಾ ಬೆಳಿಗ್ಗೆ ಇದರ ಅಪ್ಪನಂಥ ಮಾತು ನಡಿಯತ್ತೆ."

ಯಾರೋ ಕಿಸಕ್ಕೆಂದರು. ಅದಕ್ಕಿಂತ ದೊಡ್ಡ ಏಟು ಬೇಕಿರಲಿಲ್ಲ. ಯಾವ ನಗೆಪಾಟಲಿಗೆ ಹೆದರಿ ಒಬ್ಬ ಹುಡುಗಿಯ ಅನ್ನ ಕಿತ್ತಳೋ, ಆ ನಗು ಇಷ್ಟೇ ಇತ್ತು, ಇಷ್ಟು ಹಗುರ, ಟೀ ಬರುವಷ್ಟರಲ್ಲಿ ಮುಗಿಯುವಂಥದ್ದು.

ಒಪ್ಪಂದಕ್ಕೆ ಆಗಲೇ ಸಹಿ ಬಿದ್ದಿತ್ತು, ಬಯಲಿನವರನ್ನು ಬಿಡಿಸುವಂತಿರಲಿಲ್ಲ. ತಪ್ಪು ನಮ್ಮದು, ಆ ಹುಡುಗಿಯದಲ್ಲ ಎಂದು ಬಂದರಿನವರಿಗೆ ತನ್ನ ಕೈಯಾರೆ ಬರೆದಳು, ಧ್ವನಿಮುದ್ರಣವನ್ನೂ ಕಳಿಸಿದಳು. ಅವಳು ಊರು ಬಿಟ್ಟಿದ್ದಾಳೆ, ಎಲ್ಲಿದ್ದಾಳೋ ನಮಗೂ ತಿಳಿಯದು ಎಂದು ಉತ್ತರ ಬಂತು. ಹಸಿರು ಬಿಲ್ಲೆಯನ್ನು ಆಕೆ ವಾಪಸ್ ಕೊಟ್ಟಳು. ತಕ್ಕಡಿ ಎಂಬ ಹೆಸರನ್ನು ಯಾರಿಗೆ ವಾಪಸ್ ಕೊಡುವುದು? ಇಟ್ಟವರೇ ಗೊತ್ತಿಲ್ಲ. ಜನ ಈಗಲೂ ಹಾಗೇ ಕರೆಯುತ್ತಾರೆ, ಆಕೆ ಈಗಲೂ ಓಗೊಡುತ್ತಾಳೆ, ಆದರೆ ಹಿಗ್ಗುವುದಿಲ್ಲ.

ಅತ್ತೆ ಕಥೆ ಹೇಳುವುದನ್ನು ಬಿಟ್ಟಿರಬೇಕೆಂದು ಸೊಸೆ ನಂಬಿದ್ದಳು. ಮುಂದಿನ ಸಲ ಕ್ಲಿನಿಕ್ಕಿಗೆ ಹೋದಾಗ ಪಕ್ಕದಲ್ಲಿ ಕೈಗೆ ಪಟ್ಟಿ ಕಟ್ಟಿಸಿಕೊಂಡ ಒಬ್ಬಾಕೆ ಕೂತಿದ್ದಳು. ಅತ್ತೆ ಅವಳ ಕಡೆ ತಿರುಗಿ ಶುರು ಮಾಡಿಯೇಬಿಟ್ಟಳು: ಸೇಬು, ಚಾಕು, ಕಟ್ಟಿದ ಗಂಟಲು, ಕಡಲಾಚೆಯ ಧ್ವನಿ, ಬೆಕ್ಕು, ಕ್ರೇನು. ಪಟ್ಟಿ ಕಟ್ಟಿದಾಕೆ ಬಾಯಿ ಬಿಟ್ಟುಕೊಂಡು ಕೇಳಿ, "ಅಬ್ಬಾ! ಆಮೇಲೆ ಆ ಹುಡುಗಿ ಏನಾದ್ಲು?" ಎಂದಳು.

ಅತ್ತೆ ಬೆಂಚಿಗೆ ಒರಗಿ ಕೂತಳು. ಸೆರಗನ್ನು ಮಡಿಲ ಮೇಲೆ ಸರಿಮಾಡಿಕೊಂಡಳು.

"ಅಲ್ಲಿಂದ ಮುಂದಿನದು ನನಗೆ ಹೇಳೋಕೆ ಬರಲ್ಲ" ಎಂದಳು. "ನನ್ನ ಸೊಸೆ ಹೇಳ್ತಾಳೆ, ಕೇಳಿ."

ಸೊಸೆ ಚಪ್ಪಲಿಯ ಬಾರಿನ ಕಡೆ ಬಗ್ಗಲು ಹೋದವಳು ತಡೆದುಕೊಂಡಳು. ತಲೆ ಎತ್ತಿ, ಗುರುತಿಲ್ಲದ ಆ ಹೆಂಗಸಿನ ಮುಖ ನೋಡಿ, "ಅವಳ ಕೆಲಸ ಹೋಯ್ತು" ಎಂದು ಶುರು ಮಾಡಿದಳು. "ನನ್ನಿಂದ."